ನನ್ನ ಗಾಡಿಗೆ ಇನ್ನೊಬ್ಬ ಡ್ರೈವರ್

ಸೀಟು ನಾಲ್ಕು ಬೆರಳು ಹಿಂದೆ ಸರಿದಿತ್ತು. ಮೇಲೆ ಹತ್ತಿ ಕುಳಿತ ತಕ್ಷಣ ಗೊತ್ತಾಯಿತು. ಕ್ಲಚ್ ಒತ್ತಲು ಹೋದರೆ ಕಾಲು ಪೂರ್ತಿ ನಿಲುಕಲಿಲ್ಲ. ಎಡಗಡೆಯ ಕನ್ನಡಿಯಲ್ಲಿ ಹಿಂದಿನ ಚಕ್ರ ಕಾಣಬೇಕಾದ ಕಡೆ ಆಕಾಶ ಕಾಣುತ್ತಿತ್ತು. ಒಳಗೆಲ್ಲ ಯಾರದೋ ತಲೆಗೆ ಹಚ್ಚುವ ಎಣ್ಣೆಯ ವಾಸನೆ. ಹನ್ನೊಂದು ವರ್ಷ ನನ್ನೊಬ್ಬನ ಬೆವರು, ನನ್ನೊಬ್ಬನ ಬೀಡಿ ಬಿಟ್ಟರೆ ಬೇರೆ ವಾಸನೆ ಕಾಣದ ಕ್ಯಾಬಿನ್ ಅದು. ನನಗೆ ಮೈಯೆಲ್ಲ ಉರಿಯಿತು. ಸೀಟು ಮುಂದಕ್ಕೆ ಎಳೆದು, ಕನ್ನಡಿ ತಿರುಗಿಸಿ, ಎರಡೂ ಕಿಟಕಿ ಇಳಿಸಿ ನಳದುರ್ಗದವರೆಗೂ ಗಾಳಿಗೆ ಬಿಟ್ಟೆ. ವಾಸನೆ ಹೋಗಲಿಲ್ಲ. ಉಮರ್ಗಾ ದಾಟಿದರೂ ಹೋಗಲಿಲ್ಲ. ಗಾಡಿಯಲ್ಲಿ ಇತ್ತೋ ನನ್ನ ಮೂಗಿನಲ್ಲೇ ಇತ್ತೋ, ಈಗ ಹೇಳಲಾರೆ.

ನಾನು ಲಾರಿ ಡ್ರೈವರ್. ಅಕ್ಕಲಕೋಟದಲ್ಲಿ ಮನೆ, ಸೊಲ್ಲಾಪುರದಲ್ಲಿ ಕೆಲಸ. ಊರಲ್ಲಿ ಜೋಳದ ಹೊಲ ಇದೆ, ಅಣ್ಣಂದಿರು ನೋಡಿಕೊಳ್ಳುತ್ತಾರೆ. ನನಗೆ ಮೊದಲಿನಿಂದಲೂ ಎತ್ತಿಗಿಂತ ಎಂಜಿನ್ ಮೇಲೆಯೇ ಜೀವ. ಕನ್ನಡ ಸಾಲೆಯಲ್ಲಿ ಹತ್ತನೇ ಇಯತ್ತೆ ಮುಗಿಸಿ ಸ್ಟೇರಿಂಗ್ ಹಿಡಿದವನು, ಇಪ್ಪತ್ತೆರಡು ವರ್ಷ ಒಬ್ಬರೇ ಸಾವಕಾರರ ಟ್ರಾನ್ಸ್‌ಪೋರ್ಟಿನಲ್ಲಿ ದುಡಿದೆ. ಚಾದರು, ಟಾವೆಲ್ಲು, ತೊಗರಿಬೇಳೆ, ಸಿಮೆಂಟು, ಏನು ಹೇರಿದರೂ ಒಯ್ದು ಇಳಿಸಿದವನು ನಾನು.

ಸಾವಕಾರರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಗಾಡಿ ಬಂದರೆ ಮೊದಲು ಅವರ ಮನೆಯ ಮುಂದೆ ನಿಲ್ಲಬೇಕು. ಸಾವಕಾರರ ತಾಯಿ ಆರತಿ ತಂದು ಸ್ಟೇರಿಂಗಿಗೆ ಅರಿಷಿಣ ಕುಂಕುಮ ಹಚ್ಚುವರು. ಅದೇ ಬೆರಳಿನಿಂದ ಡ್ರೈವರನ ಹಣೆಗೂ ಹಚ್ಚುವರು. "ಇನ್ನ ಇದರ ಒಳ್ಳೇದು ಕೆಟ್ಟದ್ದು ನಿಂದಪಾ" ಅನ್ನುವರು. ಅಷ್ಟಾದರೆ ಮುಗಿಯಿತು. ಆ ಮೇಲೆ ಆ ಡ್ರೈವರನ ಸೀಟಿನಲ್ಲಿ ಸ್ವತಃ ಸಾವಕಾರರೂ ಕೂರುತ್ತಿರಲಿಲ್ಲ. ಡ್ರೈವರನಿಗೆ ಜ್ವರ ಬಂದರೆ ಗಾಡಿಯೂ ನಿಂತೇ ಇರಬೇಕು. ಇನ್ನೊಬ್ಬನ ಕೈಗೆ ಕೊಡುವ ಮಾತಿಲ್ಲ. ಯಾರಾದರೂ ಕೆಲಸ ಬಿಟ್ಟು ಹೋಗುವಾಗ ಮಾತ್ರ, ಅವನು ಹೊಸಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೊಲ್ಲಾಪುರದಿಂದ ಅಕ್ಕಲಕೋಟದವರೆಗೆ ಹೋಗಿ ಬರುತ್ತಿದ್ದ. ಹಾದಿಯುದ್ದಕ್ಕೂ ಆ ಗಾಡಿಯ ಸ್ವಭಾವ ಹೇಳಬೇಕು: ಮೂರನೇ ಗೇರು ಬೆಳಿಗ್ಗೆ ಹಟ ಮಾಡುತ್ತದೆ, ಏರಿನಲ್ಲಿ ಇಷ್ಟು ಕಾಯಿತು ಅಂದರೆ ನಿಲ್ಲಿಸು, ಇಂಥ ಸದ್ದಿಗೆ ಹೆದರಬೇಡ, ಇಂಥ ಸದ್ದಿಗೆ ಹೆದರು. ಇದಕ್ಕೆ ನಾವು ಗುಣ ಹೇಳುವುದು ಅನ್ನುತ್ತಿದ್ದೆವು. ಗುಣ ಹೇಳದೆ ಗಾಡಿ ಕೊಟ್ಟವನ ಜೊತೆ ಯಾರೂ ಚಹಾ ಕುಡಿಯುತ್ತಿರಲಿಲ್ಲ.

ನನ್ನದು ಹತ್ತು ಗಾಲಿಯ ಗಾಡಿ. ನನ್ನ ಹೆಂಡತಿ ಅದನ್ನು ಸವತಿ ಅನ್ನುತ್ತಿದ್ದಳು. ಅವಳ ತವರು ಮರವಡೆ ಊರು, ಆ ಕಡೆಯ ಮಾತು, ಚುಚ್ಚಿದರೆ ಆಳಕ್ಕೇ ಚುಚ್ಚುತ್ತಾಳೆ. ವಾರಕ್ಕೊಮ್ಮೆ ಮನೆಗೆ ಬಂದರೂ ನಾನು ಊಟ ಮಾಡಿ ಗಾಡಿ ತೊಳೆಯಲು ಹೋಗುತ್ತಿದ್ದೆ. "ಹೋಗ್ರಿ, ನನ್ನ ಸವತಿ ಕರೀಲಾಕತ್ಯಾಳ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋಗುವಳು. ನನಗೆ ಅದರಿಂದ ಸಂತೋಷವೇ ಆಗುತ್ತಿತ್ತು.

ದಸರೆಯ ಮರುವಾರ ಸಾವಕಾರರು ನಮ್ಮನ್ನೆಲ್ಲ ಗೋದಾಮಿಗೆ ಕರೆದರು. ಬೇಳೆಯ ಚೀಲದ ಮೇಲೆ ಕುಳಿತಿದ್ದರು. ಕುರ್ಚಿ ಇದ್ದರೂ ಚೀಲದ ಮೇಲೆ ಕುಳಿತದ್ದು ನೋಡಿಯೇ ನನಗೆ ಇದು ಒಳ್ಳೆಯ ಸುದ್ದಿ ಅಲ್ಲ ಅನ್ನಿಸಿತು.

"ಕಂಪನಿ ಕೊಟ್ಟೀನ್ರೋ," ಅಂದರು. "ಪುಣೇದವ್ರು ತಗೊಂಡಾರ. ಮಕ್ಕಳಿಗೆ ಈ ಧಂದೆ ಬ್ಯಾಡಾಗ್ಯದ. ನಿಮ್ಮನ್ನೂ ಇಟಗೋತಾರ, ಕಾಳಜಿ ಮಾಡಬ್ಯಾಡ್ರಿ."

"ನನ್ನ ಗಾಡಿ ನನ್ನ ಕೂಡನ ಬರತದೇನ್ರಿ?" ಎಂದು ನಾನು ಕೇಳಿದೆ. ಸಾವಕಾರರು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

ಪುಣೆಯವರು ನಮ್ಮ ಕಂಪನಿಯೊಂದನ್ನೇ ಅಲ್ಲ, ರಸ್ತೆಯಾಚೆಗಿದ್ದ ನಮ್ಮ ಎದುರಾಳಿ ಟ್ರಾನ್ಸ್‌ಪೋರ್ಟನ್ನೂ ಕೊಂಡಿದ್ದರು. ಎರಡೂ ಕಡೆಯ ಗಾಡಿಗಳನ್ನು ಹೈದರಾಬಾದ ರಸ್ತೆಯ ಒಂದು ದೊಡ್ಡ ಅಂಗಳಕ್ಕೆ ತಂದು ನಿಲ್ಲಿಸಿ ಎಲ್ಲಕ್ಕೂ ಬಿಳಿ ಬಣ್ಣ ಹೊಡೆದರು. ನನ್ನ ಗಾಡಿಯ ಹಿಂದೆ "ಅವ್ವನ ಆಶೀರ್ವಾದ" ಎಂದು ಕನ್ನಡದಲ್ಲಿ ಬರೆಸಿದ್ದೆ. ಅದರ ಮೇಲೂ ಬ್ರಷ್ ಓಡಿತು. ಕ್ಯಾಬಿನ್ನಿನಲ್ಲಿ ಎರಡು ಕ್ಯಾಮೆರಾ ಕೂರಿಸಿದರು, ಒಂದು ರಸ್ತೆ ನೋಡುವುದಕ್ಕೆ, ಒಂದು ನನ್ನ ಮೋರೆ ನೋಡುವುದಕ್ಕೆ. ಆಕಳಿಸಿದರೆ ಕುಂಯ್ ಅನ್ನುತ್ತಿತ್ತು. ಜೋರಾಗಿ ಬ್ರೇಕ್ ಹಾಕಿದರೆ ಮಾರ್ಕು ಹೋಗುತ್ತಿತ್ತು. ನಲವತ್ತು ದಾಟಿದ ಮೇಲೆ ಮತ್ತೆ ಮಾರ್ಕು ಎಣಿಸುವ ಸಾಲೆಗೆ ಸೇರಿದ ಹಾಗಾಯಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎಂದರೆ ಒಂದು ಗಾಡಿಗೆ ಇಬ್ಬರು ಡ್ರೈವರುಗಳು. ಒಬ್ಬ ಪುಣೆಗೆ ಹೋಗಿ ಬಂದು ಗಾಡಿ ಅಂಗಳದಲ್ಲಿ ಬಿಟ್ಟು ಮನೆಗೆ ಹೋಗಬೇಕು; ಇನ್ನೊಬ್ಬ ಅದನ್ನು ತೆಗೆದುಕೊಂಡು ಹುಮನಾಬಾದಿಗೆ ಹೋಗಿ ಬರಬೇಕು. ಹುಮನಾಬಾದು ನನ್ನ ಪಾಲು. ಗಾಡಿ ನಿಲ್ಲಬಾರದು, ಮನುಷ್ಯ ಮನೆಗೆ ಹೋಗಬೇಕು, ಇದು ಅವರ ಲೆಕ್ಕಾಚಾರ. ಸುಳ್ಳು ಯಾಕೆ ಹೇಳಲಿ, ಅದರಲ್ಲಿ ಸುಖವೂ ಇತ್ತು. ಅಂಗಳದಲ್ಲಿ ಬಿಸಿನೀರಿನ ಸ್ನಾನದ ಮನೆ, ಮಲಗಲು ಕೋಣೆ. ಮೊದಲು ವಾರಕ್ಕೊಮ್ಮೆ ಮನೆ ಕಂಡವನು ಈಗ ಒಂದು ದಿನ ಬಿಟ್ಟು ಒಂದು ದಿನ ಬಿಸಿ ಜೋಳದ ಭಕ್ರಿ ತಿನ್ನುತ್ತಿದ್ದೆ. ಬೇರೆ ಡ್ರೈವರುಗಳ ಹೆಂಡಿರು ಪುಣೆಯವರನ್ನು ಹರಸಿದರು. ನಾನು ಭಕ್ರಿ ಮುರಿಯುತ್ತ, ಈ ಹೊತ್ತಿಗೆ ನನ್ನ ಜೋಡಿಯ ಇನ್ನೊಬ್ಬ ಡ್ರೈವರ್ ಎಲ್ಲಿರಬಹುದು, ನನ್ನ ಗಾಡಿಯನ್ನು ಯಾವ ಗೇರಿನಲ್ಲಿ ಹೊಡೆಯುತ್ತಿರಬಹುದು ಎಂದು ಯೋಚಿಸುತ್ತಿದ್ದೆ.

ಅವನು ಭಂಡಾರಕವಠೆಯವನು. ನನಗಿಂತ ಎರಡು ವರ್ಷ ಚಿಕ್ಕವನು, ಒಂದು ಗೇಣು ಹೆಚ್ಚು ಎತ್ತರದವನು. ಎದುರಾಳಿ ಕಂಪನಿಯ ಡ್ರೈವರ್. ಅಂಗಳದಲ್ಲಿ ಮೊದಲ ಸಲ ಎದುರಾದಾಗ ನಮಸ್ಕಾರ ಮಾಡಿ ಅಂದ: "ಅಣ್ಣಾರ, ನಿಮ್ಮ ಗಾಡಿ ಹಾದಿ ಮ್ಯಾಲ ಭಾಳ ಸಲ ನೋಡೀನ್ರಿ. ಚಲೋ ಇಟ್ಟೀರಿ. ಬರ್ರಿ, ಅಕ್ಕಲಕೋಟ ತನಕ ಹೋಗಿ ಬರೂಣು. ಗುಣ ಹೇಳ್ರಿ."

ಅವರ ಕಂಪನಿಯಲ್ಲೂ ಈ ಪದ್ಧತಿ ಇತ್ತೆಂದು ನನಗೆ ಆಗಲೇ ತಿಳಿದದ್ದು. ಅದಕ್ಕೂ ಸಿಟ್ಟು ಬಂತು.

"ಈಗ ಅದೆಲ್ಲಾ ಇಲ್ರಿ," ಅಂದೆ. "ಹೊಸ ಕಂಪನಿ, ಹೊಸ ಕಾನೂನು. ಏನಿದ್ರೂ ಫೋನ್‌ದಾಗ ಬರದೀನಿ, ನೋಡಕೋರಿ."

ಕಂಪನಿ ಕೊಟ್ಟ ಫೋನಿನಲ್ಲಿ ಗಾಡಿ ಬಿಡುವಾಗ ತುಂಬುವ ಒಂದು ಪಟ್ಟಿ ಇತ್ತು. ಟಯರ್, ಲೈಟು, ವೈಪರ್, ಬ್ರೇಕು, ಸ್ಟೇರಿಂಗು. ಸರಿ ಇದ್ದರೆ ಹಸಿರು ಒತ್ತಬೇಕು, ದೋಷವಿದ್ದರೆ ಕೆಂಪು. ನಾನು ಎಲ್ಲಕ್ಕೂ ಹಸಿರು ಒತ್ತಿದೆ. ಸ್ಟೇರಿಂಗಿಗೂ ಒತ್ತಿದೆ.

ಅದು ಸುಳ್ಳು. ಆರು ವರ್ಷದ ಹಿಂದೆ ನಳದುರ್ಗದ ಹತ್ತಿರ, ಮಧ್ಯಾಹ್ನ ಉಂಡ ಮೇಲೆ ನನಗೆ ಕಣ್ಣು ಎಳೆದು ಗಾಡಿ ಒಂದು ಸೇತುವೆಯ ಕಲ್ಲಿಗೆ ಹೋಗಿ ಬಡಿದಿತ್ತು. ತಪ್ಪು ನನ್ನದೇ. ಸಾವಕಾರರು ಯಾರಿಗೂ ತಿಳಿಸದೆ ರಿಪೇರಿ ಮಾಡಿಸಿದರು. ಆದರೆ ಚಾಸಿ, ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು, ಒಂದಿಷ್ಟು ತಿರುಚಿಕೊಂಡದ್ದು ಹಾಗೇ ಉಳಿಯಿತು. ಮಾಲು ಹೇರಿದಾಗ ಏನೂ ಗೊತ್ತಾಗದು. ಖಾಲಿ ಇದ್ದಾಗ ಜೋರಾಗಿ ಬ್ರೇಕ್ ಹಾಕಿದರೆ ಮಾತ್ರ ಗಾಡಿ ಸಟ್ಟನೆ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಒತ್ತುವ ಮುಂಚೆಯೇ ಸ್ಟೇರಿಂಗನ್ನು ಒಂದು ಹಿಡಿಯಷ್ಟು ಬಲಕ್ಕೆ ತಡೆದು ಹಿಡಿಯಬೇಕು. ನನ್ನ ಕೈಗೆ ಅದು ರೂಢಿಯಾಗಿತ್ತು. ಪುಣೆಯವರಿಗೆ ತಿಳಿದರೆ ಅಂದೇ ಗಾಡಿಯನ್ನು ಗುಜರಿಗೆ ಒಡೆಯಲು ಕಳಿಸುತ್ತಾರೆಂದು ನನಗೆ ಗೊತ್ತಿತ್ತು. ಅದಕ್ಕೇ ಕೆಂಪು ಒತ್ತಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಫೋನಿಗೆ ಹೇಳದಿದ್ದರೆ ಅವನ ಕಿವಿಯಲ್ಲಾದರೂ ಹೇಳಬಹುದಿತ್ತಲ್ಲ. ಹೇಳಲಿಲ್ಲ. ಹನ್ನೊಂದು ವರ್ಷ ನನ್ನದಾಗಿದ್ದ ಗಾಡಿಯ ಬಗ್ಗೆ ನನಗೊಬ್ಬನಿಗೇ ತಿಳಿದದ್ದು ಒಂದಾದರೂ ಇರಲಿ ಅನ್ನಿಸಿತು.

ಅವನು ಗಾಡಿ ಕೆಡಿಸುವವನಾಗಿದ್ದರೆ ನನಗೆ ಎಷ್ಟು ಸುಖವಾಗುತ್ತಿತ್ತು! ಬಂದು ಬಂದು ತಪ್ಪು ಹುಡುಕುತ್ತಿದ್ದೆ. ಟಯರಿನ ಹಲ್ಲು ಮುಟ್ಟಿ ನೋಡುತ್ತಿದ್ದೆ, ಕ್ಲಚ್ ವಾಸನೆ ನೋಡುತ್ತಿದ್ದೆ. ಏನೂ ಇಲ್ಲ. ಬದಲಿಗೆ, ಮೂರು ವರ್ಷದಿಂದ ಗಡಗಡ ಅನ್ನುತ್ತಿದ್ದ ಎಡಬಾಗಿಲು ಒಂದು ದಿನ ಸುಮ್ಮನಾಗಿತ್ತು; ಅವನು ಸೈಕಲ್ ಟ್ಯೂಬು ಕತ್ತರಿಸಿ ಒಳಗೆ ಬಡಿದಿದ್ದ. ನಾನು ಇಟ್ಟ ದೇವರ ಫೋಟೊ ತೆಗೆದಿರಲಿಲ್ಲ, ಅದಕ್ಕೆ ದಿನಾ ಹೊಸ ಹೂ ಏರಿಸುತ್ತಿದ್ದ. ನನ್ನ ಕೈಯಲ್ಲಿದ್ದಾಗ ಕುಡಿಯುತ್ತಿದ್ದುದಕ್ಕಿಂತ ಕಡಿಮೆ ಡೀಸೆಲ್ ಕುಡಿಯಿತಂತೆ ಅವನ ಕೈಯಲ್ಲಿ. ಮ್ಯಾನೇಜರ್ ಅದನ್ನು ಎಲ್ಲರ ಮುಂದೆ ಹೇಳಿದ. ನನ್ನ ಗಾಡಿ ಅವನ ಕೈಯಲ್ಲಿ ಕಡಿಮೆ ಕುಡಿಯುತ್ತದೆ ಎಂಬ ಮಾತು ಕೇಳಿದಾಗ ಆದ ಹೊಟ್ಟೆಯುರಿ ನನಗೆ ಜೀವನದಲ್ಲಿ ಮತ್ತೆ ಯಾವುದಕ್ಕೂ ಆಗಿಲ್ಲ.

ಗೋಡೆಯ ಮೇಲೆ ಮಾರ್ಕಿನ ಪಟ್ಟಿ ಅಂಟಿಸುತ್ತಿದ್ದರು. ಅವನು ಯಾವಾಗಲೂ ಮೇಲಿನ ಮೂರರಲ್ಲಿ. ನಾನು ಎಲ್ಲಿದ್ದೆ ಎಂಬುದು ಬೇಡ. ಗೇಟಿನ ಹತ್ತಿರ ಚಹಾ ಮಾರುವ ಹೆಂಗಸು ಕೂಡ "ಅವ್ರು ಭಾಳ ಶಾಂತ ಮನಷ್ಯಾರ್ರಿ" ಎಂದು ನನಗೇ ಹೇಳಿ ಚಹಾ ಸೋಸಿದಳು. ನಾನು ಆ ದಿನದಿಂದ ಚಹಾ ಕುಡಿಯಲು ರಸ್ತೆ ದಾಟಿ ಬೇರೆ ಕಡೆ ಹೋಗತೊಡಗಿದೆ.

ಒಂದು ದಿನ ಸೀಟಿನ ಮೇಲೆ ಅರಿವೆಯ ಗಂಟು ಇತ್ತು. ಒಳಗೆ ಹಸಿ ಶೇಂಗಾ, ಅವನ ಹೊಲದ್ದು. ಮನೆಗೆ ಒಯ್ದೆ. ಹೆಂಡತಿ ಕುದಿಸಿ ಬುಟ್ಟಿಯಲ್ಲಿ ಹಾಕಿ ಮುಂದಿಟ್ಟಳು. ನಾನು ಮುಟ್ಟಲಿಲ್ಲ.

"ಯಾಕ್ರಿ?"

"ಕಹಿ ಇರತಾವ. ಆ ಕಡೀ ಮಣ್ಣೇ ಹಂಗ."

ಅವಳು ಒಂದು ಬಾಯಿಗೆ ಹಾಕಿಕೊಂಡು ನನ್ನ ಮೋರೆ ನೋಡಿದಳು, ಆಮೇಲೆ ನಗಲು ಸುರುಮಾಡಿದಳು. "ಈಗ ತಿಳೀತೇನ್ರಿ ಸವತಿ ಮತ್ಸರ ಅಂದ್ರ ಏನಂತ? ಹನ್ನೊಂದು ವರ್ಸ ನಾ ಉಂಡೀನಿ, ನೀವು ಎರಡ ತಿಂಗಳಿಗೇ ಸುಸ್ತಾದ್ರಿ. ನಿಮ್ಮ ಸವತಿ ಪಾಪ, ಶೇಂಗಾ ಆದ್ರೂ ಕಳಸ್ಯಾನ."

ಅವಳು ಹಿತ್ತಲಿಗೆ ಹೋದಾಗ ತಿಂದು ನೋಡಿದೆ. ಸಿಹಿಯಾಗೇ ಇದ್ದವು. ಅರ್ಧ ಬುಟ್ಟಿ ಖಾಲಿ ಮಾಡಿ ಸಿಪ್ಪೆಯನ್ನು ಅವಳಿಗೆ ಕಾಣದ ಹಾಗೆ ದನದ ಮುಂದೆ ಚೆಲ್ಲಿದೆ.

ಕಬ್ಬಿನ ಹಂಗಾಮು ಸುರುವಾದ ಮೇಲೆ ಮ್ಯಾನೇಜರ್ ನಮ್ಮನ್ನು ಕೂಡಿಸಿ ಹೊಸ ಸುದ್ದಿ ಹೇಳಿದ. ಮೂವತ್ತು ದಾಟಿರದ ಪುಣೆಯ ಹುಡುಗ, ಎಲ್ಲರಿಗೂ ಕಾಕಾ ಅನ್ನುವವನು, ಮರಾಠಿ ಬಿಟ್ಟರೆ ಇಂಗ್ಲಿಷು. ಹುಮನಾಬಾದಿನ ಓಡಾಟ ನಿಲ್ಲುತ್ತದೆ. ಸಂಕ್ರಾಂತಿಯ ನಂತರ ಜೋಡಿಯಲ್ಲಿ ಒಬ್ಬನನ್ನು ನಾಗಪುರದ ಅಂಗಳಕ್ಕೆ ಕಳಿಸುತ್ತಾರೆ. ಉಳಿದವನಿಗೆ ಸೊಲ್ಲಾಪುರ–ಪುಣೆ ಓಡಾಟ, ಗಾಡಿ ಅವನೊಬ್ಬನದೇ. ಯಾರು ಉಳಿಯುವುದು ಎಂದರೆ, ಮಾರ್ಕು ಹೆಚ್ಚಿದ್ದವನು.

ಗಾಡಿ ಅವನೊಬ್ಬನದೇ ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ನಾಗಪುರ ದೂರವಾಯಿತೆಂದು ನನಗೆ ಚಿಂತೆ ಇರಲಿಲ್ಲ. ಡ್ರೈವರನಿಗೆ ದೂರ ಯಾವುದು? ಆದರೆ ನಾನು ನಾಗಪುರದಲ್ಲಿ ಯಾವುದೋ ಗಾಡಿ ಹೊಡೆಯುತ್ತಿರುವಾಗ ಅವನು ಇಲ್ಲಿ ನನ್ನದಕ್ಕೆ ಹೂ ಏರಿಸುವುದನ್ನು ನೆನೆಸಿಕೊಂಡರೆ ಅನ್ನ ಇಳಿಯುತ್ತಿರಲಿಲ್ಲ. ಆಗ ಒಂದು ಆಸೆ ಹುಟ್ಟಿತು. ಯಾವತ್ತಾದರೂ ಒಂದು ದಿನ ಅವನಿಗೆ ಮಾಲು ಸಿಗದೆ ಖಾಲಿ ಬರಬೇಕು, ಜೋರಾಗಿ ಬ್ರೇಕ್ ಹಾಕಬೇಕು, ಗಾಡಿ ಅವನನ್ನು ಒಮ್ಮೆ ಎಡಕ್ಕೆ ಎಳೆದು ಹೆದರಿಸಬೇಕು, ಮಾರ್ಕು ಬೀಳಬೇಕು. ಅವನಿಗೆ ಪೆಟ್ಟಾಗಲಿ ಅಂತ ನಾನು ಬಯಸಲಿಲ್ಲ. ಇದನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು.

ಬಯಸಿದ ಹಾಗೇ ಆಯಿತು. ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ನಾನು ಅಂಗಳದಲ್ಲಿ ಅವನ ಹಾದಿ ಕಾಯುತ್ತಿದ್ದೆ. ಗಾಡಿ ಬರಲಿಲ್ಲ, ಫೋನು ಬಂತು. ಪುಣೆಯಿಂದ ಖಾಲಿ ಬರುತ್ತಿದ್ದವನ ಮುಂದೆ ಮೊಹೋಳದ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರಾಲಿ ಸಮೇತ ಅಡ್ಡ ಬಂದಿತ್ತು. ಬ್ರೇಕ್ ಹಾಕಿದ್ದಾನೆ, ಗಾಡಿ ಎಡಕ್ಕೆ ಎಳೆದು ರಸ್ತೆ ಬಿಟ್ಟು ಜಾಲಿ ಗಿಡಕ್ಕೆ ಬಡಿದಿದೆ. ಬಂಪರ್, ಒಂದು ಲೈಟು, ಎಡಬಾಗಿಲು ಹೋದವು. ಸ್ಟೇರಿಂಗು ತಿರುಗಿ ಒದ್ದ ಏಟಿಗೆ ಅವನ ಬಲಗೈ ಮಣಿಕಟ್ಟು ಮುರಿದಿದೆ. ಬೇರೆ ಯಾರಿಗೂ ಏನೂ ಆಗಿಲ್ಲ.

ನಾನು ಕೇಳಿದ ಮೊದಲ ಪ್ರಶ್ನೆ ಗಾಡಿಯ ಬಗ್ಗೆ. ಎರಡನೆಯದು ಅವನ ಬಗ್ಗೆ.

ಮೂರನೇ ದಿನ ಮ್ಯಾನೇಜರ್ ನನ್ನನ್ನು ಕಚೇರಿಗೆ ಕರೆದ. ಕಂಪ್ಯೂಟರಿನಲ್ಲಿ ರಸ್ತೆಯ ಕ್ಯಾಮೆರಾ ಹಿಡಿದ ಚಿತ್ರ ತೋರಿಸಿದ. ಮುಂದೆ ಟ್ರ್ಯಾಕ್ಟರ್, ಆಮೇಲೆ ರಸ್ತೆ ಓರೆಯಾಗಿ ಜಾರಿ ಗಿಡ ಎದುರಿಗೆ ಬಂತು. "ಕಾಕಾ, ಗಾಡೀತ ಕಾಹೀ ದೋಷ ಹೋತಾ ಕಾ?" ಅಂದ. ಗಾಡಿಯಲ್ಲಿ ಏನಾದರೂ ದೋಷ ಇತ್ತೇ ಎಂದು ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ದೋಷ ಗಾಡಿಯದಾದರೆ ಡ್ರೈವರನ ಮೇಲೆ ಬರುವುದಿಲ್ಲ ಎಂದೂ ಹೇಳಿದ. ನಾನು ಹೂಂ ಅಂದಿದ್ದರೆ ಭಂಡಾರಕವಠೆಯವನು ಉಳಿಯುತ್ತಿದ್ದ, ಗಾಡಿ ಹೋಗುತ್ತಿತ್ತು, ಎಲ್ಲಕ್ಕೂ ಹಸಿರು ಒತ್ತಿದ ನಾನು ಸಿಕ್ಕಿಬೀಳುತ್ತಿದ್ದೆ.

"ನಾಹೀ ಸಾಹೇಬ್," ಅಂದೆ. "ಗಾಡೀ ಏಕದಮ್ ಚಾಂಗ್ಲೀ ಆಹೆ."

ಗಾಡಿ ಏಕದಮ್ ಚೆನ್ನಾಗಿದೆ ಎಂಬ ಒಂದೇ ಮಾತು. ಅಪಘಾತದ ತಪ್ಪು ಅವನ ಮೇಲೆ ಬಿತ್ತು, ಅವನ ಕೆಲಸ ಹೋಯಿತು. ಎಂಟು ದಿನಕ್ಕೆ ಹೊಸ ಬಾಗಿಲು, ಹೊಸ ಲೈಟು ಹಾಕಿಸಿಕೊಂಡು ಗಾಡಿ ಬಂತು, ಬೀಗದ ಕೈ ನನ್ನ ಕೈಗೆ ಬಂತು. ಸೊಲ್ಲಾಪುರ–ಪುಣೆ, ನಾನೊಬ್ಬನೇ. ಮೊದಲ ದಿನ ಗಾಡಿ ತೊಳೆದೆ, ತೆಂಗಿನಕಾಯಿ ಒಡೆದೆ, ಟೆಂಭುರ್ಣಿಯವರೆಗೆ ಗುನುಗುತ್ತ ಹೋದೆ. ಆಮೇಲೆ ಗುನುಗುವುದು ನಿಂತಿತು. ಕ್ಯಾಬಿನ್ನಿನಲ್ಲಿ ಎಲ್ಲಿ ಕೈ ಹಾಕಿದರೂ ಅವನು ಮಾಡಿದ್ದ ಒಂದು ಸಣ್ಣ ಕೆಲಸ ಸಿಗುತ್ತಿತ್ತು. ನೀರಿನ ಬಾಟಲಿ ಉರುಳದಂತೆ ಕಟ್ಟಿದ್ದ ದಾರ. ಬಿಸಿಲು ತಡೆಯಲು ಅಂಟಿಸಿದ್ದ ಅರಿವೆ. ಕಿತ್ತು ಹಾಕೋಣವೆಂದರೆ ಅವು ಉಪಯೋಗಕ್ಕೆ ಬರುತ್ತಿದ್ದವು. ಗೇಟಿನ ಹತ್ತಿರ ಎಲ್ಲರೂ ಅವನನ್ನೇ ಕೇಳುವರು: ಕೈ ಹೆಂಗಿದೆ, ಪ್ಲಾಸ್ಟರ್ ಯಾವಾಗ ತೆಗೆಯುತ್ತಾರೆ? ಹನ್ನೊಂದು ವರ್ಷ ಗಾಡಿ ಹೊಡೆದವನ ಕ್ಷೇಮ ಯಾರೂ ಕೇಳಲಿಲ್ಲ.

"ಒಮ್ಮೆ ನೋಡಿ ಬರ್ರಿ," ಎಂದು ಹೆಂಡತಿ ಬೆನ್ನು ಹತ್ತಿದಳು. "ಒಂದೇ ಗಾಡಿ ಹೊಡದವ್ರು. ಅವರ ಮನಿ ಶೇಂಗಾ ತಿಂದೀವಿ. ನೀವೂ ತಿಂದೀರಿ, ಸಿಪ್ಪಿ ನಾ ನೋಡೀನಿ."

ರಜೆಯ ದಿನ ಬಸ್ಸು ಹಿಡಿದು ಮಂದ್ರೂಪದ ಮೇಲೆ ಭಂಡಾರಕವಠೆಗೆ ಹೋದೆ. ಹಾದಿಯುದ್ದಕ್ಕೂ ಹೇಳುವ ಮಾತು ಜೋಡಿಸಿಕೊಂಡೆ. ನನಗೆ ಗೊತ್ತಿತ್ತು, ಹೇಳಲಿಲ್ಲ, ತಪ್ಪಾಯಿತು. ಅವನು ಬೈಯುತ್ತಾನೆ, ಬೈಸಿಕೊಳ್ಳುತ್ತೇನೆ, ಅಲ್ಲಿಗೆ ಇಬ್ಬರೂ ಸಮ ಆಗುತ್ತೇವೆ ಅಂದುಕೊಂಡೆ.

ಅವನು ಕಟ್ಟೆಯ ಮೇಲೆ ಕುಳಿತು ಎಡಗೈಯಿಂದ ತೊಗರಿಕಾಯಿ ಬಿಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಅವನ ಹೆಂಡತಿ ನೀರು ತಂದಳು, ಚಹಾ ಇಟ್ಟಳು. ನಾನು ಚಹಾ ಮುಟ್ಟದೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ: "ಗಾಡಿ ಖಾಲಿ ಇದ್ದಾಗ ಎಡಕ್ಕ ಎಳೀತದ. ನನಗ ಗೊತ್ತಿತ್ತು. ನಿಮಗ ಹೇಳಲಿಲ್ಲ."

"ನನಗೂ ಗೊತ್ತಿತ್ರಿ, ಅಣ್ಣಾರ."

ನಾನು ಅವನ ಮೋರೆ ನೋಡಿದೆ.

"ಮೊದಲನೇ ವಾರದಾಗ ಒಂದು ದಿನ ಖಾಲಿ ಬಂದಿದ್ನಿ, ಆಗ ತಿಳೀತು. ಬಲಕ್ಕ ಒಂದೀಟ ಹಿಡೀಬೇಕು, ಅಷ್ಟ. ನೀವು ಫೋನ್‌ದಾಗ ಬರದಿರಲಿಲ್ಲ. ಬರದ್ರ ಗಾಡಿ ಒಯ್ದು ಒಡೀತಾರಂತ ಬರದಿಲ್ಲ ಅನ್ಕೊಂಡೆ. ಹನ್ನೊಂದು ವರ್ಸ ಹೊಡದವ್ರು, ಸಂಕಟ ಇರತದ. ಅದಕ ನಾನೂ ಹಸರು ಒತ್ತಕೋತ ಬಂದೆ."

"ಗೊತ್ತಿತ್ತಂದ್ರ ಅವತ್ತ ಯಾಕ ಹಿಡೀಲಿಲ್ಲ?"

ಅವನು ತೊಗರಿಕಾಯಿ ಬುಟ್ಟಿ ಪಕ್ಕಕ್ಕೆ ಸರಿಸಿದ. "ಬಲಗಡೆ ಸಮಾಸಮ ಒಂದು ಮೋಟರ್ ಸೈಕಲ್ ಬರಾಕತ್ತಿತ್ರಿ. ಗಂಡ ಹೆಂಡತಿ. ಆಕಿ ಮಡಲಾಗ ಕೂಸು ಇತ್ತು. ಕನ್ನಡ್ಯಾಗ ನೋಡಿದ್ನಿ. ಬಲಕ್ಕ ಹಿಡದಿದ್ರ ಅವರ ಮ್ಯಾಲ ಹೋಗತಿತ್ತು. ಅದಕ ಸ್ಟೇರಿಂಗ್ ಬಿಟ್ಟ ಕೊಟ್ನಿ. ಹೋಗವಾ, ನಿನಗ ಹೆಂಗ ಬೇಕ ಹಂಗ ಹೋಗು ಅಂದೆ. ಹೋತು."

ರಸ್ತೆಯ ಕ್ಯಾಮೆರಾಕ್ಕೆ ಮುಂದಿನದಷ್ಟೇ ಕಾಣುತ್ತದೆ. ಬಲಗಡೆಯ ಕನ್ನಡಿಯಲ್ಲಿದ್ದದ್ದು ಅದಕ್ಕೆ ಕಾಣಲಿಲ್ಲ. ಮೋಟರ್ ಸೈಕಲ್ಲಿನವರೂ ಏನೂ ತಿಳಿಯದೆ ಮುಂದೆ ಹೋಗಿಬಿಟ್ಟಿದ್ದರು.

"ಮ್ಯಾನೇಜರಗ ಹೇಳಬೇಕಿತ್ತು."

"ಇದನ್ನ ಹೇಳಬೇಕಂದ್ರ ಎಡಕ್ಕ ಎಳೀತದಂತ ಹೇಳಬೇಕು. ಅಂದ್ರ ನಿಮ್ಮ ಹೆಸರು ಬರತದ. ಒಬ್ಬಂದು ಹೋಗ್ಯದ, ಇಬ್ಬರದೂ ಯಾಕ? ನೀವಾದ್ರೂ ಗಾಡಿ ಹೊಡೀರಿ." ಆಮೇಲೆ ನಗುತ್ತ ಅಂದ: "ಚಹಾ ಆರಾಕತ್ತದ, ತಗೋರಿ."

ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನನಗೊಬ್ಬನಿಗೇ ತಿಳಿದದ್ದು ಎಂದು ಬಚ್ಚಿಟ್ಟುಕೊಂಡದ್ದು ಅವನಿಗೆ ಮೊದಲ ವಾರವೇ ತಿಳಿದಿತ್ತು. ಹೊಟ್ಟೆಕಿಚ್ಚಿನಿಂದ ಬಾಯಿ ಮುಚ್ಚಿಕೊಂಡಿದ್ದವನನ್ನು ಅವನು ಸಂಕಟಪಡುವ ಮನುಷ್ಯ ಎಂದುಕೊಂಡಿದ್ದ. ನಾನು ಮಾಡಿದೆ ಎಂದು 'ತಪ್ಪಾಯಿತು' ಅನ್ನಲು ಹೋದ ಅಪಘಾತ ಕೂಡ ನನ್ನದಾಗಿರಲಿಲ್ಲ, ಅವನೇ ತಿಳಿದು ಮಾಡಿದ್ದು. ಚಹಾ ಕುಡಿದೆ. ತಿರುಗಿ ಬರುವ ಬಸ್ಸಿನಲ್ಲಿ ನನಗೆ ಅವನ ಮೇಲೆ ಇದ್ದ ಮತ್ಸರ ಹೋಗಿರಲಿಲ್ಲ, ದುಪ್ಪಟ್ಟಾಗಿತ್ತು. ಮೊದಲು ಗಾಡಿಯ ಸಲುವಾಗಿ ಇತ್ತು, ಈಗ ಅವನು ಇಂಥವನಾಗಿದ್ದಾನೆ ಎಂಬುದರ ಸಲುವಾಗಿ.

ಮರುದಿನ ಬೆಳಿಗ್ಗೆ ಗಾಡಿ ತೆಗೆಯದೆ ಮ್ಯಾನೇಜರನ ಕಚೇರಿಗೆ ಹೋದೆ. ಚಾಸಿ ತಿರುಚಿದೆ, ಖಾಲಿ ಇದ್ದಾಗ ಎಡಕ್ಕೆ ಎಳೆಯುತ್ತದೆ, ಆರು ವರ್ಷದ ಹಿಂದೆ ನಾನೇ ಬಡಿದದ್ದು, ಹಸಿರು ಒತ್ತಿದ್ದು ನಾನು, ನಿಮ್ಮ ಮುಂದೆ ಸುಳ್ಳು ಹೇಳಿದ್ದೂ ನಾನು ಅಂದೆ. ಹುಡುಗ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಒಂದು ಕಾಗದ ಕೊಟ್ಟು ಎಲ್ಲ ಬರೆದು ಸಹಿ ಮಾಡಲು ಹೇಳಿದ. ಕಾರಣ ಎಂಬ ಕಡೆ ಮೂರು ಚೌಕ ಇದ್ದವು: ಅಜಾಗ್ರತೆ, ಮಾಹಿತಿ ಇರಲಿಲ್ಲ, ಇತರೆ. ನಾನು ಇತರೆ ಎಂಬುದಕ್ಕೆ ಗುರುತು ಹಾಕಿದೆ.

ಅವನಿಗೆ ನ್ಯಾಯ ಸಿಗಲಿ ಎಂದು ನಾನು ಹೋಗಿರಲಿಲ್ಲ. ಅವನೊಬ್ಬನೇ ಒಳ್ಳೆಯವನಾಗಿ ಉಳಿದು, ನಾನು ಅವನು ಬಿಟ್ಟುಕೊಟ್ಟ ಗಾಡಿಯನ್ನು ದಿನಾ ಹೊಡೆಯುವುದು ಸಹಿಸದೆ ಹೋದೆ.

ಎರಡು ದಿನದಲ್ಲಿ ಗಾಡಿಯನ್ನು ಕಟ್ಟಿ ಎಳೆದುಕೊಂಡು ಹೋದರು. ನಾನು ಆಗ ಅಂಗಳದಲ್ಲಿ ಇರಬಾರದೆಂದು ಅಕ್ಕಲಕೋಟದಲ್ಲೇ ಉಳಿದೆ. ಅವನನ್ನು ಮತ್ತೆ ಕೆಲಸಕ್ಕೆ ಕರೆದರು. ಕೈ ಕೂಡಿದ ಮೇಲೆ ಹೊಸ ಗಾಡಿ ಕೊಟ್ಟರು, ಅವನೊಬ್ಬನದೇ. ನನ್ನನ್ನು ಒಂದು ತಿಂಗಳು ಕೆಲಸವಿಲ್ಲದೆ ಕೂರಿಸಿ, ಆಮೇಲೆ ಹೊಟಗಿಯ ಸಿಮೆಂಟು ಸಾಗಿಸುವುದಕ್ಕೆ ಹಾಕಿದ್ದಾರೆ. ದಿನಕ್ಕೊಂದು ಗಾಡಿ. ಯಾವುದಕ್ಕೂ ನಾನು ಹೂ ಏರಿಸುವುದಿಲ್ಲ.

ಆದರೆ ನನ್ನ ಹೆಸರು ದೊಡ್ಡದಾಯಿತು. ತಾನೇ ಹೋಗಿ ತಪ್ಪು ಒಪ್ಪಿಕೊಂಡ, ಇನ್ನೊಬ್ಬನ ಅನ್ನ ಉಳಿಸಿದ ಎಂದು ಅಂಗಳದಲ್ಲಿ ಮಾತಾಯಿತು. ಹಳೆಯ ಸಾವಕಾರರು ಫೋನ್ ಮಾಡಿ "ಶಾಬ್ಬಾಸ್" ಅಂದರು. ನನ್ನ ಹೆಂಡತಿ ತವರಿಗೆ ಹೋದಾಗಲೆಲ್ಲ ಈ ಕಥೆ ಹೇಳುತ್ತಾಳೆ, ಹೇಳುವಾಗ ನನ್ನನ್ನು ಒಂದು ಥರ ನೋಡುತ್ತಾಳೆ. ಮದುವೆಯಾದಾಗಿನಿಂದ ಅವಳು ಹಾಗೆ ನೋಡಿರಲಿಲ್ಲ. ಅವನೂ ಹಬ್ಬಕ್ಕೊಮ್ಮೆ ಫೋನ್ ಮಾಡಿ "ನಿಮ್ಮ ಉಪಕಾರ ಅಣ್ಣಾರ" ಅನ್ನುತ್ತಾನೆ. ನಾನು "ಇರ್ಲಿ ಬಿಡ್ರಿ" ಅನ್ನುತ್ತೇನೆ.

ಮ್ಯಾನೇಜರ್ ಕೊಟ್ಟ ಕಾಗದದಲ್ಲಿ ನಾನು ಮಾಡಿದ್ದೆಲ್ಲ ಬರೆದೆ. ಆ ಮೋಟರ್ ಸೈಕಲ್ ಮಾತ್ರ ಬರೆಯಲಿಲ್ಲ. ಅವನು ಆ ಗಂಡ, ಆ ಹೆಂಡತಿ, ಅವಳ ಮಡಿಲಿನ ಕೂಸು, ಮೂರು ಜೀವ ಉಳಿಸಲು ಕೈ ಮುರಿದುಕೊಂಡ ಎಂಬುದನ್ನು ಕಂಪನಿಗೆ ಹೇಳಲಿಲ್ಲ, ಅಂಗಳದಲ್ಲಿ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಅದೊಂದನ್ನು ಹೇಳಿದ್ದರೆ ನನ್ನ ಕಥೆಯನ್ನು ಯಾರೂ ಕೇಳುತ್ತಿರಲಿಲ್ಲ. ಅವನು ತಾನಾಗಿ ಹೇಳುವವನಲ್ಲ. ಈಗ ಇಲ್ಲಿ ಬರೆದಿದ್ದೇನೆ. ಹೆಂಡತಿ ಸಾಲೆಗೆ ಹೋದವಳಲ್ಲ, ಮಗ ಓದಿದ್ದೆಲ್ಲ ಮರಾಠಿ. ಮನೆಯಲ್ಲಿ ಕನ್ನಡ ಓದಲು ಬರುವವನು ನಾನೊಬ್ಬನೇ.